ಇಟ್ಟ ಸಾಮಾನಿಗೆ ಲೆಕ್ಕ ಕೇಳುವ ಹಕ್ಕು

ಎರಡು ಮೂರು ವರ್ಷಕ್ಕೆಂದು ಜರ್ಮನಿಗೋ ಅಮೆರಿಕಕ್ಕೋ ಕೆಲಸದ ಮೇಲೆ ಹೊರಟವರು, ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿರುವವರು, ವರ್ಗವಾಗಿ ಬಂದು ಕ್ವಾರ್ಟರ್ಸಿಗೆ ಕಾಯುತ್ತಿರುವ ನೌಕರರು, ತೀರಿಕೊಂಡ ಅಪ್ಪ ಅಮ್ಮನ ಬಾಡಿಗೆ ಮನೆಯನ್ನು ತಿಂಗಳೊಳಗೆ ಖಾಲಿ ಮಾಡಿಕೊಡಬೇಕಾದ ಮಕ್ಕಳು. ಬೆಂಗಳೂರಿನಲ್ಲಿ ಇಂಥವರ ಮನೆಸಾಮಾನು ಈಗ ಹೋಗಿ ಸೇರುವುದು ಊರ ಹೊರಗಿನ ಯಾವುದೋ ಗೋದಾಮಿಗೆ. ಪ್ಯಾಕರ್ಸ್‌ನವರು ಬಂದು ಇಡೀ ಸಂಸಾರವನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಾರೆ, ಲಾರಿಗೆ ಏರಿಸುತ್ತಾರೆ, ತಿಂಗಳ ಬಾಡಿಗೆ ಗೊತ್ತುಮಾಡಿಕೊಂಡು ಹೋಗುತ್ತಾರೆ. ಅದು ಎಲ್ಲಿದೆ, ಹೇಗಿದೆ ಎಂದು ಆಮೇಲೆ ಹೋಗಿ ನೋಡುವವರು ಕಡಿಮೆ.

ತಿರುಗಿ ಬಂದು ಪೆಟ್ಟಿಗೆ ಬಿಚ್ಚುವ ದಿನ ಗೊತ್ತಾಗುತ್ತದೆ. ಹಾಸಿಗೆಯ ಒಂದು ಮಗ್ಗುಲಿಗೆ ಕಪ್ಪು ಬೂಷ್ಟು ಹಿಡಿದಿದೆ. ಪುಸ್ತಕದ ಪೆಟ್ಟಿಗೆಗೆ ತಳದಿಂದ ಗೆದ್ದಲು ಹತ್ತಿದೆ. ವಾಷಿಂಗ್ ಮಷೀನಿನ ವೈರನ್ನು ಇಲಿ ಕಡಿದಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಟ್ಟ ರೇಷ್ಮೆ ಸೀರೆಗಳಲ್ಲಿ ತೇವ ಒಳಗೇ ಉಳಿದು, ಜರಿ ಕಪ್ಪಾಗಿ, ಮಡಿಕೆಯ ಗೆರೆಯುದ್ದಕ್ಕೂ ಬಟ್ಟೆ ಸೀಳಿದೆ. ಹಿತ್ತಾಳೆ ಪಾತ್ರೆಗಳಿದ್ದ ಪೆಟ್ಟಿಗೆಯೊಂದು ಬಂದೇ ಇಲ್ಲ. ಕೇಳಿದರೆ ಮ್ಯಾನೇಜರು ರಸೀದಿಯ ಹಿಂಬದಿ ತಿರುಗಿಸಿ ಸಣ್ಣಕ್ಷರದ ಸಾಲು ತೋರಿಸುತ್ತಾನೆ: ಸಾಮಾನುಗಳನ್ನು ಮಾಲೀಕರ ಹೊಣೆಯ ಮೇಲೆ ಇಡಲಾಗಿದೆ, ಮಳೆ, ಬೆಂಕಿ, ಕಳವು, ಇಲಿ, ಗೆದ್ದಲಿನಿಂದಾದ ನಷ್ಟಕ್ಕೆ ಸಂಸ್ಥೆ ಜವಾಬ್ದಾರಿಯಲ್ಲ.

ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಅಚ್ಚಾದದ್ದೆಲ್ಲ ಕಾನೂನು ಎಂದು ನಂಬುವ ಅಭ್ಯಾಸ ನಮ್ಮದು. ಆದರೆ ಆ ಸಾಲಿಗೆ ಅದು ತೋರಿಸಿಕೊಳ್ಳುವಷ್ಟು ಬಲವಿಲ್ಲ. ಇಂಥ ಪ್ರಕರಣಗಳಲ್ಲಿ ಗ್ರಾಹಕರು ಸೋಲುವುದು ಆ ಸಾಲಿನಿಂದಲ್ಲ. ಸಾಮಾನು ಒಪ್ಪಿಸಿದ ದಿನ ಪಟ್ಟಿಯನ್ನು ಸರಿಯಾಗಿ ಬರೆಸದೆ ಇದ್ದುದರಿಂದ.

ಮೊದಲು ಕಾನೂನು ನೋಡೋಣ. ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಉದ್ದೇಶಕ್ಕಾಗಿ ಪಡೆದು, ಅದು ಮುಗಿದ ಮೇಲೆ ಹಿಂತಿರುಗಿಸುವ ಒಪ್ಪಂದವನ್ನು 1872ರ ಭಾರತೀಯ ಕರಾರು ಕಾಯ್ದೆ ಬೈಲ್‌ಮೆಂಟ್ ಎನ್ನುತ್ತದೆ. 148ನೇ ಸೆಕ್ಷನ್ನಿನಿಂದ ಅದರ ಅಧ್ಯಾಯ ಶುರು. 151ನೇ ಸೆಕ್ಷನ್ ಹೇಳುವುದು ಇಷ್ಟು: ವಸ್ತು ಪಡೆದವನು, ಸಾಮಾನ್ಯ ಬುದ್ಧಿಯ ಮನುಷ್ಯ ಅಂಥದೇ ಸನ್ನಿವೇಶದಲ್ಲಿ ಅಷ್ಟೇ ಬೆಲೆಯ ತನ್ನ ಸ್ವಂತ ವಸ್ತುವನ್ನು ಹೇಗೆ ಜೋಪಾನ ಮಾಡುತ್ತಿದ್ದನೋ ಹಾಗೆ ಜೋಪಾನ ಮಾಡಬೇಕು. ಅಷ್ಟು ಮಾಡಿಯೂ ನಷ್ಟವಾದರೆ 152ನೇ ಸೆಕ್ಷನ್ ಪ್ರಕಾರ ಅವನು ಹೊಣೆಯಲ್ಲ. ಹೇಳಿದ ವೇಳೆಗೆ ವಸ್ತು ಹಿಂತಿರುಗಿಸದೆ ಇಟ್ಟುಕೊಂಡರೆ ಅಲ್ಲಿಂದಾಚೆಗೆ ಆಗುವ ಹಾನಿಗೆಲ್ಲ ಅವನೇ ಹೊಣೆ ಎನ್ನುತ್ತದೆ 161. ತನ್ನ ಮನೆಯ ಹಾಸಿಗೆಯನ್ನು ಯಾರೂ ತೇವದ ನೆಲದ ಮೇಲೆ ಎರಡು ಮಳೆಗಾಲ ಬಿಡುವುದಿಲ್ಲ. ಗೋದಾಮಿನವನಿಗೂ ಅದೇ ಅಳತೆ.

ಆ ಜೋಪಾನ ನಡೆಯಿತೋ ಇಲ್ಲವೋ ಎಂದು ಸಾಬೀತು ಮಾಡಬೇಕಾದವರು ಯಾರು? ಇಲ್ಲಿ ಸುಪ್ರೀಂ ಕೋರ್ಟಿನ 2019ರ ನವೆಂಬರಿನ ತೀರ್ಪೊಂದು ಗ್ರಾಹಕರಿಗೆ ದೊಡ್ಡ ಆಸರೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಮಾರುತಿ ಝೆನ್ ಕಾರಿನಲ್ಲಿ ಬಂದ ಅತಿಥಿಯೊಬ್ಬರು ಕೀಲಿಯನ್ನು ಪಾರ್ಕಿಂಗ್ ಸಿಬ್ಬಂದಿಗೆ ಕೊಟ್ಟು ಒಳಗೆ ಹೋದರು. ರಾತ್ರಿ ಹೊರಬಂದಾಗ ಕಾರು ಕಳವಾಗಿತ್ತು. ಹೋಟೆಲಿನವರು ಪಾರ್ಕಿಂಗ್ ಚೀಟಿ ತೋರಿಸಿದರು. ವಾಹನ ಮಾಲೀಕರ ಹೊಣೆಯ ಮೇಲೆ ಇದೆ ಎಂದು ಅದರ ಮೇಲೆ ಅಚ್ಚಾಗಿತ್ತು. ಕೋರ್ಟು ಒಪ್ಪಲಿಲ್ಲ. ವಸ್ತು ಇವರ ಕೈಗೆ ಬಂದದ್ದು ಖಚಿತವಾದ ಮೇಲೆ, ಅದು ಹಿಂತಿರುಗದಿದ್ದರೆ ನಿರ್ಲಕ್ಷ್ಯ ಆಗಿದೆ ಎಂದೇ ಮೇಲ್ನೋಟಕ್ಕೆ ಭಾವಿಸಬೇಕು, ಆಗಿಲ್ಲವೆಂದು ತೋರಿಸುವ ಭಾರ ಇಟ್ಟುಕೊಂಡವರದೇ ಎಂದಿತು. ತನ್ನ ಮತ್ತು ತನ್ನ ನೌಕರರ ನಿರ್ಲಕ್ಷ್ಯಕ್ಕೆ ಹೊಣೆಯಿಲ್ಲ ಎಂದು ಚೀಟಿಯಲ್ಲಿ ಬರೆದು ಜಾರಿಕೊಳ್ಳಲಾಗದು ಎಂದೂ ಹೇಳಿತು. ಕಾರಿನ ಬಗ್ಗೆ ಹೇಳಿದ ಈ ಮಾತನ್ನು ಸೋಫಾ, ಬೀರು, ಸೀರೆ ಪೆಟ್ಟಿಗೆಗೂ ಅನ್ವಯಿಸಿ ಓದಿಕೊಳ್ಳಬಹುದು.

ಸರಕಾರಕ್ಕೂ ಈ ನಿಯಮದಿಂದ ವಿನಾಯಿತಿಯಿಲ್ಲ ಎಂಬುದಕ್ಕೆ ನಮ್ಮದೇ ರಾಜ್ಯದ ಹಳೆಯ ಪ್ರಕರಣವೊಂದಿದೆ. ಹೆಣ್ಣುಮಗಳೊಬ್ಬಳ ಮನೆಯಲ್ಲಿ ಕಳವಾದ ಒಡವೆಗಳನ್ನು ಪೊಲೀಸರು ಪತ್ತೆ ಮಾಡಿದರು. ಅವು ಕೋರ್ಟಿಗೆ ಬಂದು, ಮತ್ತೆ ಪೊಲೀಸರ ವಶಕ್ಕೇ ಹೋಗಿ, ಠಾಣೆಯಲ್ಲಿದ್ದಾಗಲೇ ಇನ್ನೊಮ್ಮೆ ಕಾಣೆಯಾದವು. ಆಕೆ ಮೈಸೂರು ರಾಜ್ಯದ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದಳು. ವಸ್ತುವನ್ನು ಕೊಡಲಾಗದಿದ್ದರೆ, ಜೋಪಾನ ಮಾಡಿದ್ದೆವೆಂದು ತೋರಿಸಲೂ ಆಗದಿದ್ದರೆ, ಅದರ ಬೆಲೆ ಕೊಡಬೇಕು ಎಂದು ಕೋರ್ಟು 1977ರಲ್ಲಿ ಆಜ್ಞೆ ಮಾಡಿತು. ಜಪ್ತಿಯಾದ ವಾಹನ ಠಾಣೆಯ ಬಯಲಿನಲ್ಲಿ ತುಕ್ಕು ಹಿಡಿಯುವುದನ್ನು ನೋಡಿ ನೋಡಿ ಸುಮ್ಮನಾಗಿರುವ ನಾವು ಆ ಮಹಿಳೆಯ ಛಲವನ್ನು ನೆನೆಯಬೇಕು.

ಹಾಗೆಂದು ಯಾವ ಕಾಗದಕ್ಕೆ ಸಹಿ ಹಾಕಿದರೂ ನಡೆಯುತ್ತದೆ ಎಂದು ತಿಳಿಯಬಾರದು. ಚೀಟಿಯ ಹಿಂದೆ ಅಚ್ಚಾದ ಸಾಲು ಬೇರೆ, ಮೊತ್ತ ನಮೂದಿಸಿ ನಿಮ್ಮಿಂದ ಸಹಿ ಪಡೆದ ಕರಾರು ಬೇರೆ. 1996ರಲ್ಲಿ ಡಿಎಚ್‌ಎಲ್ ಕೊರಿಯರ್ ವಿರುದ್ಧದ ಪ್ರಕರಣದಲ್ಲಿ, ನಷ್ಟವಾದರೆ 100 ಡಾಲರ್ ಮಾತ್ರ ಎಂಬ ಷರತ್ತಿದ್ದ ಕಾಗದಕ್ಕೆ ಸಹಿ ಹಾಕಿದ್ದ ಗ್ರಾಹಕನಿಗೆ ಸುಪ್ರೀಂ ಕೋರ್ಟು 100 ಡಾಲರನ್ನಷ್ಟೇ ಕೊಡಿಸಿತು. ಗೋದಾಮುಗಳ ಕರಾರಿನಲ್ಲೂ ಒಂದು ವಸ್ತುವಿಗೆ ಇಷ್ಟು, ಒಟ್ಟಾರೆ ಒಂದು ತಿಂಗಳ ಬಾಡಿಗೆಯಷ್ಟು ಎಂಬಂಥ ಮಿತಿಗಳಿರುತ್ತವೆ. ಅದನ್ನು ಓದಿ, ಒಪ್ಪಿಗೆಯಿಲ್ಲದಿದ್ದರೆ ಹೊಡೆದುಹಾಕಿಸಿ ಇಬ್ಬರೂ ಸಹಿ ಹಾಕಬೇಕು. ಏಕಪಕ್ಷೀಯ ಕರಾರುಗಳನ್ನು ರದ್ದು ಮಾಡುವ ಅಧಿಕಾರ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇದೆ, ನಿಜ. ಆದರೆ ಅದು ಇರುವುದು ಗ್ರಾಹಕರ ರಾಜ್ಯ ಆಯೋಗಕ್ಕೆ ಮತ್ತು ರಾಷ್ಟ್ರೀಯ ಆಯೋಗಕ್ಕೆ, ಜಿಲ್ಲಾ ಆಯೋಗಕ್ಕಲ್ಲ.

ಈಗ ಪಟ್ಟಿಯ ವಿಷಯ. ನಿರ್ಲಕ್ಷ್ಯ ಆಗಿಲ್ಲವೆಂದು ತೋರಿಸುವ ಭಾರ ಗೋದಾಮಿನದು; ಏನೇನಿತ್ತು, ಎಂಥ ಸ್ಥಿತಿಯಲ್ಲಿತ್ತು, ಎಷ್ಟು ಬಾಳುತ್ತಿತ್ತು ಎಂದು ತೋರಿಸುವ ಭಾರ ನಿಮ್ಮದು. ಪ್ಯಾಕಿಂಗ್ ದಿನ ಮನೆ ತುಂಬ ಗದ್ದಲ. ಸೂಪರ್‌ವೈಸರ್ ಗೋಡೆಗೆ ಪ್ಯಾಡ್ ಒತ್ತಿ ಗೀಚುತ್ತಾನೆ: ಪೆಟ್ಟಿಗೆ 14, ಅಡುಗೆ ಸಾಮಾನು. ಪೆಟ್ಟಿಗೆ 15, ಬಟ್ಟೆ. ಸೋಫಾ, ಹಳೆಯದು. ಪಕ್ಕದಲ್ಲಿ ಇಂಗ್ಲಿಷಿನ ಸಂಕೇತಾಕ್ಷರ. ಎಸ್‌ಸಿ ಎಂದರೆ ಗೀರು ಬಿದ್ದಿದೆ, ಸಿಎಚ್ ಎಂದರೆ ಚಕ್ಕೆ ಎದ್ದಿದೆ, ಪಿಬಿಒ ಎಂದರೆ ಮಾಲೀಕರೇ ಪ್ಯಾಕ್ ಮಾಡಿದ್ದು. ಹೊಸ ಡೈನಿಂಗ್ ಟೇಬಲ್ಲಿಗೂ ಎಸ್‌ಸಿ ಎಂದು ಬರೆದುಬಿಟ್ಟರೆ ಮುಂದೆ ಬಿದ್ದ ಗೀರಿಗೆಲ್ಲ ಆವತ್ತೇ ಉತ್ತರ ಸಿದ್ಧವಾಯಿತು. ಪಿಬಿಒ ಎಂದು ಬರೆದ ಪೆಟ್ಟಿಗೆಯೊಳಗೆ ಏನಿತ್ತೋ ನಮಗೆ ಗೊತ್ತಿಲ್ಲ ಎಂದು ಅವರು ಹೇಳಿದರೆ ಎದುರು ಮಾತಾಡುವುದು ಕಷ್ಟ. ಹೊತ್ತು ಮೀರುತ್ತಿದೆ, ಲಾರಿ ಕಾಯುತ್ತಿದೆ ಎಂಬ ಅವಸರದಲ್ಲಿ ನಾವು ಕೊನೆಯ ಪುಟಕ್ಕೆ ಸಹಿ ಹಾಕಿ ಕೊಡುತ್ತೇವೆ.

ಆ ಪಟ್ಟಿ ಹೀಗಿದ್ದಿದ್ದರೆ: ಪೆಟ್ಟಿಗೆ 14, ಹಿತ್ತಾಳೆ ಕೊಳಗ 2, ಕಂಚಿನ ತಟ್ಟೆ 6, ಮಿಕ್ಸಿ 1, ಚಾಲೂ ಇದೆ. ಪೆಟ್ಟಿಗೆ 15, ಮೈಸೂರು ಸಿಲ್ಕ್ ಸೀರೆ 4, ಕಾಂಚೀಪುರಂ 2, ಜರಿ ಸರಿಯಿದೆ. ಬರೆಯಲು ಇನ್ನೊಂದು ಗಂಟೆ ಹೆಚ್ಚು ಬೇಕಾದೀತು, ಅಷ್ಟೆ. ಆಯೋಗದ ಮುಂದೆ ಈ ಎರಡು ಸಾಲಿಗೆ ಇರುವ ತೂಕ ನೂರು ಮಾತಿಗಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಒಳಗಿನದು ಕಾಣುವಂತೆ, ಪೆಟ್ಟಿಗೆಯ ಸಂಖ್ಯೆಯೂ ಚಿತ್ರದಲ್ಲಿ ಬೀಳುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಟಿವಿ, ಫ್ರಿಜ್‌ಗಳನ್ನು ಆನ್ ಮಾಡಿ ವಿಡಿಯೊ ಮಾಡಿ. ಬಿಲ್ಲುಗಳಿದ್ದರೆ ಒಂದು ಕವರಿನಲ್ಲಿ ನಿಮ್ಮ ಜೊತೆಗೇ ಇರಲಿ. ಅವನ್ನೂ ಪೆಟ್ಟಿಗೆಗೆ ಹಾಕಿ ಕಳಿಸಿದವರಿದ್ದಾರೆ. ಸೀರೆ, ಪಾತ್ರೆಗೆಲ್ಲ ಬಿಲ್ ಎಲ್ಲಿರುತ್ತದೆ ಎನ್ನಬಹುದು. ಮದುವೆಯ ಆಲ್ಬಮ್, ಹಬ್ಬದ ಫೋಟೊಗಳು ಅದೇ ಸೀರೆ, ಅದೇ ಪಾತ್ರೆ ನಿಮ್ಮಲ್ಲಿತ್ತೆಂದು ತೋರಿಸಲು ಒದಗುತ್ತವೆ. ಇಷ್ಟಾದರೂ ಹಳೆಯ ವಸ್ತುವಿಗೆ ಹೊಸದರ ಬೆಲೆ ಸಿಗುವುದಿಲ್ಲ, ಸವಕಳಿ ಕಳೆದೇ ಕೊಡುತ್ತಾರೆ. ಅಜ್ಜಿಯ ತಂಬೂರಿಗೋ ಅಪ್ಪನ ಕೈಬರಹದ ಡೈರಿಗೋ ಕಟ್ಟುವ ಬೆಲೆ ಯಾವ ಆಯೋಗದಲ್ಲೂ ಇಲ್ಲ. ಮಾನಸಿಕ ಯಾತನೆ ಎಂಬ ಬಾಬ್ತಿನಲ್ಲಿ ಒಂದಿಷ್ಟು ಸಿಗಬಹುದು. ಅಂಥ ವಸ್ತುಗಳನ್ನು ಗೋದಾಮಿಗೆ ಕಳಿಸಲೇಬೇಡಿ, ನೆಂಟರ ಮನೆಯ ಅಟ್ಟವಾದರೂ ಆದೀತು.

ಗೋದಾಮಿನವರು ಹೆಚ್ಚಾಗಿ ಮುಂದಿಡುವ ಸಮರ್ಥನೆ ಮಳೆ. ದೈವಾಧೀನ, ನಾವೇನು ಮಾಡಲು ಸಾಧ್ಯ ಎನ್ನುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆಯ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ್ದನ್ನು ಕಂಡ ಮೇಲೆ ಈ ಮಾತು ತೂಕದ್ದೆಂದೇ ತೋರುತ್ತದೆ. ಆದರೆ ನೋಡಬೇಕಾದದ್ದು ಮಳೆ ಎಷ್ಟು ಬಂತೆಂದಲ್ಲ, ಬರುತ್ತದೆಂದು ಗೊತ್ತಿದ್ದೂ ಇವರು ಏನು ಮಾಡಿದ್ದರು ಎಂಬುದನ್ನು. ತಗ್ಗಿನ ಜಾಗದಲ್ಲಿ, ರಾಜಕಾಲುವೆಯ ಪಕ್ಕದಲ್ಲಿ ಶೆಡ್ ಹಾಕಿ, ಪೆಟ್ಟಿಗೆಗಳನ್ನು ಮರದ ಹಲಗೆಯ ಮೇಲೂ ಏರಿಸದೆ ನೆಲಕ್ಕೇ ಇಟ್ಟಿದ್ದರೆ, ತಗಡಿನ ಛಾವಣಿಯ ತೂತು ಮುಚ್ಚಿಸದೆ ಬಿಟ್ಟಿದ್ದರೆ ಅದಕ್ಕೆ ದೇವರನ್ನು ಹೊಣೆ ಮಾಡುವುದು ಸರಿಯಲ್ಲ. ಇಲಿ, ಗೆದ್ದಲಂತೂ ಯಾವ ಅರ್ಥದಲ್ಲೂ ಅನಿರೀಕ್ಷಿತವಲ್ಲ. ಕೀಟನಾಶಕ ಹೊಡೆಸಿದ ಬಿಲ್ಲುಗಳನ್ನು, ದಿನಾಂಕ ಸಮೇತ, ಕೊಡಿ ಎಂದು ಬರೆದು ಕೇಳಿ.

ಇನ್ನು ಕೆಲವು ಸಂಸ್ಥೆಗಳು ಚಿಕ್ಕ ಕೋಣೆಯೊಂದನ್ನು ಬಾಡಿಗೆಗೆ ಕೊಟ್ಟು ಬೀಗ ನಿಮ್ಮದೇ ಹಾಕಿಕೊಳ್ಳಿ ಎನ್ನುತ್ತವೆ. ಹಾನಿಯಾದಾಗ, ನಾವು ಜಾಗ ಕೊಟ್ಟೆವಷ್ಟೇ, ಸಾಮಾನು ನಮ್ಮ ವಶಕ್ಕೆ ಬಂದಿರಲೇ ಇಲ್ಲ ಎಂದು ವಾದಿಸುತ್ತವೆ. ಲಾಕರುಗಳ ವಿಷಯದಲ್ಲಿ ಬ್ಯಾಂಕುಗಳ ವಾದವೂ ಹೆಚ್ಚುಕಡಿಮೆ ಇದೇ ಆಗಿತ್ತು. ಕೋಲ್ಕತ್ತದ ಗ್ರಾಹಕರೊಬ್ಬರ ಲಾಕರನ್ನು ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ 1994ರಲ್ಲಿ ಅವರಿಗೆ ತಿಳಿಸದೆಯೇ ಒಡೆದು ಬೇರೆಯವರಿಗೆ ಕೊಟ್ಟಿತ್ತು. ಏಳು ಒಡವೆಗಳಲ್ಲಿ ಎರಡು ಮಾತ್ರ ಸಿಕ್ಕವು ಎಂದು ಅವರು ದೂರಿದ್ದರು. 2021ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಒಳಗಿನ ವಸ್ತು ಬ್ಯಾಂಕಿನ ವಶಕ್ಕೆ ಬಂತೇ ಎಂಬ ಚರ್ಚೆ ಏನೇ ಇರಲಿ, ಲಾಕರನ್ನು ಜೋಪಾನ ಮಾಡುವ ಹೊಣೆ ಬ್ಯಾಂಕಿಗೆ ಪ್ರತ್ಯೇಕವಾಗಿಯೇ ಇದೆ ಎಂದು ಹೇಳಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬೀಗ ನಿಮ್ಮದಾದರೂ ಛಾವಣಿ, ಗೋಡೆ, ಕಾವಲು, ವಿದ್ಯುತ್ ತಂತಿ ಅವರದು. ಅದಕ್ಕೆಂದೇ ಬಾಡಿಗೆ ಪಡೆದಿದ್ದಾರೆ.

ಸಾಮಾನು ಮನೆಗೆ ಬಂದ ದಿನ ಮಾಡುವ ತಪ್ಪು ಬಹಳ ದುಬಾರಿ. ಇಳಿಸಿದ ಕೂಡಲೇ, ಎಲ್ಲ ಸುಸ್ಥಿತಿಯಲ್ಲಿ ತಲುಪಿದೆ ಎಂದು ಅಚ್ಚಾದ ಹಾಳೆಗೆ ಸಹಿ ಕೇಳುತ್ತಾರೆ. ಬಿಚ್ಚಿ ನೋಡದೆ ಹಾಗೆ ಸಹಿ ಹಾಕಬೇಡಿ. ಪೆಟ್ಟಿಗೆಗಳು ಬಂದಿವೆ, ಒಳಗಿನದನ್ನು ಪರಿಶೀಲಿಸಿಲ್ಲ, ಪೆಟ್ಟಿಗೆ 14 ಬಂದಿಲ್ಲ, 9 ನೆನೆದಿದೆ ಎಂದು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ, ಅದರ ಫೋಟೊ ಇಟ್ಟುಕೊಳ್ಳಿ. ಹಾಳಾದದ್ದನ್ನು ಹೊರಗೆ ಎಸೆಯಬೇಡಿ, ರಿಪೇರಿಗೂ ಕೊಡಬೇಡಿ. ವಿಮೆಯ ಸರ್ವೇಯರ್ ಅಥವಾ ಸಂಸ್ಥೆಯವರು ನೋಡಲಿ. ರಿಪೇರಿಗೆ ಎಷ್ಟಾದೀತೆಂದು ಬಡಗಿಯಿಂದಲೋ ಮೆಕ್ಯಾನಿಕ್‌ನಿಂದಲೋ ಬರೆಸಿಕೊಳ್ಳಿ.

ಗೋದಾಮಿನಲ್ಲಿ ಹಾಳಾಯಿತೋ ಲಾರಿಯಲ್ಲಿ ಹಾಳಾಯಿತೋ ಎಂಬ ಪ್ರಶ್ನೆ ಎದ್ದರೆ ಇನ್ನೊಂದು ಕಾನೂನು ಅಡ್ಡ ಬರುತ್ತದೆ. 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸಾಗಣೆದಾರನ ಮೇಲೆ ದಾವೆ ಹೂಡುವ ಮೊದಲು ಲಿಖಿತ ನೋಟಿಸ್ ಕೊಟ್ಟಿರಬೇಕು, ಅದೂ ಸಾಮಾನು ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ತಲುಪಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. ಇದನ್ನು ತಿಳಿಯದೆ ಒಳ್ಳೆಯ ದಾವೆ ಕಳೆದುಕೊಳ್ಳುವ ಅಪಾಯವಿದೆ. ಬೆಲೆಯನ್ನು ಮೊದಲೇ ಘೋಷಿಸದಿದ್ದರೆ ಸಾಗಣೆದಾರನ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ ಎಂಬುದೂ ಈ ಕಾಯ್ದೆಯ ನಿಯಮದಲ್ಲಿದೆ. ಹಾಗಾಗಿ ಅನುಮಾನ ಬಂದ ವಾರದಲ್ಲೇ ಗೋದಾಮಿನವರಿಗೂ ಲಾರಿಯವರಿಗೂ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸುವುದು ಒಳ್ಳೆಯದು. ಇಬ್ಬರೂ ಬೇರೆ ಬೇರೆ ಹೆಸರಿನವರಾಗಿದ್ದರಂತೂ ಒಬ್ಬರನ್ನೊಬ್ಬರು ತೋರಿಸುತ್ತಲೇ ದಿನ ಕಳೆಯುತ್ತಾರೆ.

ಸಿಟ್ಟಿನಲ್ಲಿ ಗೋದಾಮಿನ ಬಾಡಿಗೆ ನಿಲ್ಲಿಸಿಬಿಡುವವರಿದ್ದಾರೆ. ಬಾಕಿ ತೀರುವವರೆಗೆ ಸಾಮಾನು ತಡೆಹಿಡಿಯುವ, ಕೊನೆಗೆ ಹರಾಜು ಹಾಕುವ ಷರತ್ತು ಬಹಳಷ್ಟು ಕರಾರುಗಳಲ್ಲಿ ಇರುತ್ತದೆ. ಪರಿಹಾರ ಕೇಳುವ ಹಕ್ಕು ಕಾಯ್ದಿರಿಸಿಕೊಂಡು, ಆಕ್ಷೇಪದೊಂದಿಗೆ ಕಟ್ಟುತ್ತಿದ್ದೇನೆ ಎಂದು ಇಮೇಲ್ ಮಾಡಿ ಬಾಡಿಗೆ ಕಟ್ಟಿ, ಸಾಮಾನು ಬಿಡಿಸಿಕೊಳ್ಳಿ. ಸಾಮಾನು ಮಾರಿಕೊಂಡಿದ್ದಾರೆ, ಗೋದಾಮನ್ನೇ ಮುಚ್ಚಿ ಹೋಗಿದ್ದಾರೆ ಎಂಬಂಥ ಸಂದರ್ಭದಲ್ಲಿ ವಿಷಯ ಪೊಲೀಸರದು. ಗೋದಾಮಿನವನು ನಂಬಿಕೆದ್ರೋಹ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಜೈಲುಶಿಕ್ಷೆ ಇದೆ. ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎಂದು ಠಾಣೆಯಲ್ಲಿ ಹೇಳಿದರೆ ಆ ಸೆಕ್ಷನ್ ಹೆಸರಿಸಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ವಿಮೆಯ ಬಗ್ಗೆ ಒಂದು ಮಾತು. ಬಿಲ್ಲಿನಲ್ಲಿ ಇನ್ಶೂರೆನ್ಸ್ ಎಂದು ಹಣ ಹಾಕಿದ ಮಾತ್ರಕ್ಕೆ ವಿಮೆ ಆಗಿರುವುದಿಲ್ಲ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಅದು ಸಾಗಣೆಗೆ ಮಾತ್ರವೋ ಗೋದಾಮಿನಲ್ಲಿರುವ ಅವಧಿಗೂ ಅನ್ವಯವೋ ಎಂಬುದು ಕೈಯಲ್ಲಿರಬೇಕು. ವಿಮಾ ಕಂಪನಿ ಸತಾಯಿಸಿದರೆ ಬೆಂಗಳೂರಿನಲ್ಲಿಯೇ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ.

ನೋಟಿಸಿಗೆ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮೊದಲಿಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು, ಅಲ್ಲೇ ರಾಜಿಯಾದರೆ ಒಳ್ಳೆಯದೇ. ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶ. ವಿವಾದಗಳಿಗೆಲ್ಲ ಮುಂಬೈ ನ್ಯಾಯಾಲಯವೇ ಎಂದು ರಸೀದಿಯಲ್ಲಿ ಬರೆದಿದ್ದರೂ ಹೆದರಬೇಕಿಲ್ಲ. ನೀವು ವಾಸವಿರುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಸಲ್ಲಿಸಲು ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಮಧ್ಯಸ್ಥಿಕೆಗೇ ಹೋಗಬೇಕೆಂಬ ಷರತ್ತು ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಶುಲ್ಕದ ಲೆಕ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ. ಅದು 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಮನೆಸಾಮಾನಿನ ಬಾಡಿಗೆ ಸಾಮಾನ್ಯವಾಗಿ ಅಷ್ಟು ಮುಟ್ಟುವುದೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ವಿದೇಶದಲ್ಲಿರುವವರು ಇ-ಜಾಗೃತಿ ಪೋರ್ಟಲ್ ಮೂಲಕ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಕೋರಬಹುದು. ವಾಟ್ಸ್ಆ್ಯಪ್ ಸಂದೇಶ, ಫೋಟೊಗಳನ್ನು ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಜೊತೆಗಿದ್ದರೆ ಎದುರಾಳಿಗೆ ಆಕ್ಷೇಪಕ್ಕೆ ಎಡೆಯಿರುವುದಿಲ್ಲ.

ಎದುರಾಳಿ ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಅದರಾಚೆಗೆ ಒಂದು ದಿನವೂ ಇಲ್ಲವೆಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಖಚಿತಪಡಿಸಿತು. ಆ ಪ್ರಕರಣದ ಕಕ್ಷಿಯೂ ಒಂದು ಶೀತಲಗೃಹವೇ, ಹಿಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್. ಮೂರು ತಿಂಗಳಲ್ಲಿ ಪ್ರಕರಣ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ವರ್ಷಗಳೇ ಹಿಡಿಯುತ್ತವೆ. ಅದು ಗೊತ್ತಿರುವುದರಿಂದಲೇ ಸಂಸ್ಥೆಗಳು ಸಣ್ಣ ಮೊತ್ತ ಮುಂದಿಟ್ಟು ಒಪ್ಪಿಸಲು ನೋಡುತ್ತವೆ. ಪಟ್ಟಿ ಗಟ್ಟಿಯಾಗಿದ್ದವರಿಗೆ ಅಲ್ಲೇ ಹೆಚ್ಚು ಸಿಗುತ್ತದೆ.

ಶೀತಲಗೃಹ ಎಂದೊಡನೆ ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರು ನೆನಪಾಗುತ್ತಾರೆ. ದರ ಬರಲಿ ಎಂದು ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ಆ ರಸೀದಿಯ ಮೇಲೆ ಬ್ಯಾಂಕ್ ಸಾಲ ಪಡೆಯುವವರಿಗೆ ನಷ್ಟ ಇಮ್ಮಡಿ: ಮಾಲೂ ಹೋಗಿ ಸಾಲವೂ ಉಳಿಯುತ್ತದೆ. 2014ರ ಜನವರಿಯಲ್ಲಿ ಶೀತಲಗೃಹವೊಂದಕ್ಕೆ ಬೆಂಕಿ ಬಿದ್ದು ರೈತರ ಫಸಲೆಲ್ಲ ಸುಟ್ಟಾಗ ಇದೇ ಆಯಿತು. ಪಾಲಿಸಿ ಶೀತಲಗೃಹದ ಹೆಸರಿನಲ್ಲಿದೆ, ರೈತರಿಗೂ ನಮಗೂ ಸಂಬಂಧವಿಲ್ಲ ಎಂದಿತು ವಿಮಾ ಕಂಪನಿ. ಕೆನರಾ ಬ್ಯಾಂಕ್ ಕಕ್ಷಿಯಾಗಿದ್ದ ಆ ಪ್ರಕರಣದಲ್ಲಿ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ರೈತರ ಪರ ನಿಂತಿತು. ವಿಮೆಯ ಫಲ ಸಿಗಬೇಕಾದವರು ಮಾಲಿನ ಒಡೆಯರಾದ ರೈತರೇ, ಅವರೂ ಗ್ರಾಹಕರೇ ಎಂದಿತು. ಚೀಲ ಇಡುವ ಮೊದಲು ಶೀತಲಗೃಹದ ವಿಮೆ ಚಾಲ್ತಿಯಲ್ಲಿದೆಯೇ ಎಂದು ಕೇಳಿ, ಪಾಲಿಸಿಯ ಪ್ರತಿ ಪಡೆಯುವ ಹಕ್ಕು ರೈತನಿಗಿದೆ ಎಂದೇ ನಾನು ನಂಬುತ್ತೇನೆ.

ಮತ್ತೆ ಲಾಕರಿನ ವಿಷಯಕ್ಕೆ ಬರೋಣ. ಆ ತೀರ್ಪು ಬಂದ ಆರು ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿತು. 2022ರ ಜನವರಿ 1ರಿಂದ ಜಾರಿಯಾದ ಅದರ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ನೌಕರರ ವಂಚನೆಯಿಂದಾದ ನಷ್ಟಕ್ಕೆ ಬ್ಯಾಂಕು ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಕೊಡಬೇಕು. 3,000 ರೂಪಾಯಿ ಬಾಡಿಗೆಯಿದ್ದರೆ 3 ಲಕ್ಷ. ಇವತ್ತಿನ ಚಿನ್ನದ ದರಕ್ಕೆ ಅದು ಏನೂ ಅಲ್ಲ. ಆದರೂ ಹೊಣೆಯೇ ಇಲ್ಲ ಎಂಬ ಮಾತು ಮುಗಿಯಿತು, ದೇಶಕ್ಕೆಲ್ಲ ಒಂದು ಮಾದರಿ ಕರಾರು ಬಂತು. ಮನೆಸಾಮಾನಿನ ಗೋದಾಮುಗಳಿಗೆ ಅಂಥದೊಂದು ಇಲ್ಲ. 2007ರ ಉಗ್ರಾಣ ಕಾಯ್ದೆಯ ನೋಂದಣಿ ಕೈಬದಲಾಯಿಸಬಲ್ಲ ರಸೀದಿ ಕೊಡುವ ಉಗ್ರಾಣಗಳಿಗೆ ಸಂಬಂಧಿಸಿದ್ದು. ನಿಮ್ಮ ಸೋಫಾ ಇಟ್ಟುಕೊಂಡವನನ್ನು ಅದು ಮುಟ್ಟುವುದಿಲ್ಲ. ಊರು ಬಿಟ್ಟು ಊರಿಗೆ ದುಡಿಯಲು ಹೋಗುವವರೇ ತುಂಬಿರುವ ಬೆಂಗಳೂರಿನಂಥ ಊರಿರುವ ರಾಜ್ಯ ಇದರಲ್ಲಿ ಮೊದಲ ಹೆಜ್ಜೆ ಇಡಬೇಕು. ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆ ಕನ್ನಡದಲ್ಲಿ ಎರಡು ಪುಟದ ಮಾದರಿ ಕರಾರು ಹೊರಡಿಸಲಿ. ಅದರಲ್ಲಿ ಪೆಟ್ಟಿಗೆವಾರು ಪಟ್ಟಿ, ಇಬ್ಬರ ಸಹಿ, ಗೋದಾಮಿನ ಪೂರ್ತಿ ವಿಳಾಸ, ಮೊದಲೇ ತಿಳಿಸಿ ಹೋಗಿ ನೋಡುವ ಹಕ್ಕು, ವಿಮಾ ಪಾಲಿಸಿಯ ಸಂಖ್ಯೆ, ಹರಾಜಿಗೆ ಮುನ್ನ ಲಿಖಿತ ನೋಟಿಸ್ ಇವಿಷ್ಟು ಕಡ್ಡಾಯವಾಗಿರಲಿ.